ಕಡಿಮೆ ರೊಕ್ಕ, ತುಂಬಿದ ತಾಟು

ಅವ್ವಂದಿರೇ, ಅಕ್ಕ-ತಂಗಿಯರೇ,



ಇವತ್ತು ನಾವು ಸಂತೆ ಮತ್ತು ಅಡುಗೆಯ ಬಗ್ಗೆ ಮಾತಾಡೋಣ. "ಇದರಾಗ ಹೊಸಾದು ಏನೈತ್ರಿ? ಹುಟ್ಟಿದಾಗಿಂದ ಒಲಿ ಮುಂದ ಕುಂತೀವಿ" ಎಂದು ನೀವು ಕೇಳಬಹುದು. ನಿಜ. ರೊಟ್ಟಿ ಬಡಿಯುವುದನ್ನು ನಿಮಗೆ ಯಾರೂ ಕಲಿಸಬೇಕಾಗಿಲ್ಲ. ಕಡಿಮೆ ರೊಕ್ಕದಲ್ಲಿ ಮನೆ ನಡೆಸುವುದನ್ನೂ ಕಲಿಸಬೇಕಾಗಿಲ್ಲ. ಅದು ನಿಮಗೆ ಎಲ್ಲರಿಗಿಂತ ಚೆನ್ನಾಗಿ ಗೊತ್ತು.

ಆದರೆ ಈಗ ನಿಮಗೆ ಇನ್ನೊಂದು ಬಲ ಬಂದಿದೆ. ಅಕ್ಷರ ಓದಲು ಬರುತ್ತದೆ. ಅಂಕಿ ಓದಲು ಬರುತ್ತದೆ. ಈ ಬಲವನ್ನು ಅಂಗಡಿಗೆ ಒಯ್ಯಬೇಕು. ಅಲ್ಲಿ ಉಳಿಸಿದ್ದನ್ನು ತಾಟಿಗೆ ತರಬೇಕು. ಅದು ಹೇಗೆ ಎಂಬುದೇ ಇವತ್ತಿನ ಮಾತು.

ಅಂಗಡಿ ಬದಲಾಗಿವೆ

ಧಾರವಾಡದಲ್ಲಿ 'ಸೂಪರ್ ಮಾರ್ಕೆಟ್' ಅಂದರೆ ನಮ್ಮ ಜನಕ್ಕೆ ಕಾಯಿಪಲ್ಯದ ಪೇಟೆ ನೆನಪಾಗುತ್ತದೆ. ಹುಬ್ಬಳ್ಳಿಯವರಿಗೆ ಪೇಟೆ ಅಂದರೆ ದುರ್ಗದಬೈಲು, ಜನತಾ ಬಜಾರ. ಓಣಿಯಲ್ಲಿ ಒಂದು ಕಿರಾಣಿ ಅಂಗಡಿ. ರೊಕ್ಕ ಇಲ್ಲದ ದಿನ ಅಲ್ಲಿ ಉದ್ರಿ ಸಿಗುತ್ತದೆ.

ಈಗ ಬೇರೆ ನಮೂನೆಯ ಸೂಪರ್ ಮಾರ್ಕೆಟ್ ಬಂದಿವೆ. ದೊಡ್ಡ ಕಟ್ಟಡ, ತಂಪು ಗಾಳಿ, ದೂಡುವ ಗಾಡಿ. ಸಾಮಾನು ನಾವೇ ಆರಿಸಿಕೊಳ್ಳಬೇಕು. ಡಿ-ಮಾರ್ಟ್ ತನ್ನ ಮೊದಲ ಅಂಗಡಿಯನ್ನು ಮುಂಬೈಯಲ್ಲಿ 2002ರಲ್ಲಿ ತೆರೆಯಿತು. ಇಂದು ಹುಬ್ಬಳ್ಳಿಯಲ್ಲೂ ಅದರ ಅಂಗಡಿ ಇದೆ. ಇಂಥ ಬೇರೆ ಅಂಗಡಿಗಳೂ ಇವೆ.

"ಅವು ಉಳ್ಳವರ ಅಂಗಡಿ, ನಮಗಲ್ಲ" ಎಂದು ಕೆಲವರು ಬಾಗಿಲಲ್ಲೇ ನಿಲ್ಲುತ್ತಾರೆ. ಹಾಗೆ ನಿಲ್ಲಬೇಡಿ. ಒಳಗೆ ಹೋಗಲು ಯಾರಪ್ಪಣೆಯೂ ಬೇಡ. ನೋಡಿ ಬರಲು ರೊಕ್ಕವೂ ಬೇಡ. ಆದರೆ ಕಣ್ಣು ತೆರೆದು ಹೋಗಬೇಕು.

ಅಗ್ಗದ ಪೊಟ್ಟಣ ಯಾಕೆ ಅಗ್ಗ?

ಇಂಥ ಅಂಗಡಿಗಳು ಕೆಲವು ಸಾಮಾನಿಗೆ ತಮ್ಮದೇ ಹೆಸರು ಹಾಕಿ ಮಾರುತ್ತವೆ. ಡಿ-ಮಾರ್ಟಿನಲ್ಲಿ 'ಪ್ರೀಮಿಯಾ' ಎಂಬ ಹೆಸರು. ರಿಲಯನ್ಸ್ ಅಂಗಡಿಯಲ್ಲಿ 'ಗುಡ್ ಲೈಫ್' ಎಂಬ ಹೆಸರು. ಬೇಳೆ, ಅಕ್ಕಿ, ಹಿಟ್ಟು ಇಂಥ ಹೆಸರಿನಲ್ಲಿ ಬರುತ್ತವೆ. ದೊಡ್ಡ ಕಂಪನಿಯ ಪೊಟ್ಟಣಕ್ಕಿಂತ ಇವುಗಳ ಬೆಲೆ ಸಾಮಾನ್ಯವಾಗಿ ಕಡಿಮೆ.

ಇದು ಬೇರೆ ದೇಶಗಳಲ್ಲಿ ಮೊದಲೇ ನಡೆದ ಪದ್ಧತಿ. ಫ್ರಾನ್ಸ್ ದೇಶದ ಕಾರ್ಫೂರ್ ಎಂಬ ಅಂಗಡಿ 1976ರಲ್ಲಿ ಕಂಪನಿಯ ಹೆಸರಿಲ್ಲದ ಬಿಳಿ ಪೊಟ್ಟಣ ಮಾರಿತು. ಇಂಗ್ಲೆಂಡಿನ ಟೆಸ್ಕೊ 1993ರಲ್ಲಿ ನೀಲಿ-ಬಿಳಿ ಪಟ್ಟೆಯ ಅಗ್ಗದ ಪೊಟ್ಟಣ ತಂದಿತು. ಅಲ್ಲಿಯೂ ಬಡವರಿದ್ದಾರೆ. ಅಲ್ಲಿಯ ತಾಯಂದಿರೂ ಪೈಸೆ ಪೈಸೆ ಎಣಿಸುತ್ತಾರೆ.

ಇವು ಅಗ್ಗ ಯಾಕೆ? ಟಿ.ವಿ.ಯಲ್ಲಿ ಜಾಹೀರಾತಿನ ಖರ್ಚು ಇಲ್ಲ. ನಡುವಿನ ವ್ಯಾಪಾರಿ ಕಡಿಮೆ. ಒಮ್ಮೆಗೇ ರಾಶಿ ರಾಶಿ ಕೊಳ್ಳುತ್ತಾರೆ. ಕೆಲವು ಸಲ ಕಾಳು ಸಣ್ಣದಿರುತ್ತದೆ, ಒಡೆದಿರುತ್ತದೆ. ಒಡೆದ ಬೇಳೆಯೂ ಬೇಳೆಯೇ. ನುಚ್ಚಕ್ಕಿಯೂ ಅಕ್ಕಿಯೇ. ಕುದಿಸಿದ ಮೇಲೆ ಹೊಟ್ಟೆಗೆ ಅದೇ ಶಕ್ತಿ. ನೋಟಕ್ಕೆ ಯಾಕೆ ರೊಕ್ಕ ಕೊಡಬೇಕು?

ಆದರೆ ಅಗ್ಗ ಎಂದು ಬರೆದದ್ದೆಲ್ಲ ಅಗ್ಗವಲ್ಲ. ಅದನ್ನು ಲೆಕ್ಕ ಮಾಡಿ ನೋಡಬೇಕು.

ಪೊಟ್ಟಣ ಓದೋಣ

ಪೊಟ್ಟಣದ ಮೇಲೆ ಬಹಳಷ್ಟು ಇಂಗ್ಲಿಷ್ ಇರುತ್ತದೆ. ಹೆದರಬೇಡಿ. ಅಂಕಿಗಳನ್ನು ನೀವು ಕಲಿತಿದ್ದೀರಿ. ನಾಲ್ಕು ಅಂಕಿ ಹುಡುಕಿ.

ಒಂದು, ತೂಕ. ಎಷ್ಟು ಗ್ರಾಂ, ಎಷ್ಟು ಕಿಲೋ?

ಎರಡು, ಎಂ.ಆರ್.ಪಿ. ಅಂದರೆ ಅತಿ ಹೆಚ್ಚಿನ ಬೆಲೆ. ತೆರಿಗೆ ಅದರಲ್ಲೇ ಸೇರಿದೆ. ಇದಕ್ಕಿಂತ ಒಂದು ರೂಪಾಯಿ ಹೆಚ್ಚು ಕೇಳಿದರೂ ತಪ್ಪು. ಕಡಿಮೆಗೆ ಮಾರಬಹುದು.

ಮೂರು, ತಾರೀಖು. ಎಂದು ತಯಾರಾಯಿತು? ಎಂದಿನವರೆಗೆ ಬಳಸಬಹುದು?

ನಾಲ್ಕು, ಒಂದು ಗ್ರಾಂಗೆ ಅಥವಾ ಒಂದು ಕಿಲೋಕ್ಕೆ ಎಷ್ಟು ಬೆಲೆ ಎಂಬ ಅಂಕಿ. 2021ರಲ್ಲಿ ಸರ್ಕಾರ ಪೊಟ್ಟಣದ ನಿಯಮ ತಿದ್ದಿತು. ಆ ನಿಯಮದಿಂದ ಈ ಅಂಕಿ ಬಂದಿದೆ. ಪೊಟ್ಟಣ ಒಂದು ಕಿಲೋಕ್ಕಿಂತ ಕಡಿಮೆ ಇದ್ದರೆ ಗ್ರಾಂ ಲೆಕ್ಕ. ಹೆಚ್ಚು ಇದ್ದರೆ ಕಿಲೋ ಲೆಕ್ಕ. ಇದನ್ನು ಬಹಳ ಜನ ನೋಡುವುದೇ ಇಲ್ಲ. ನೀವು ನೋಡ್ರಿ.

ಒಂದು ಲೆಕ್ಕ ಮಾಡೋಣ. ಇದು ಕಲಿಯಲು ಮಾಡಿದ ಲೆಕ್ಕ, ಇವತ್ತಿನ ಪೇಟೆ ಧಾರಣೆ ಅಲ್ಲ.

200 ಗ್ರಾಂ ಬೇಳೆಗೆ 36 ರೂಪಾಯಿ.
500 ಗ್ರಾಂ ಬೇಳೆಗೆ 80 ರೂಪಾಯಿ.
1 ಕಿಲೋ ಬೇಳೆಗೆ 165 ರೂಪಾಯಿ.

ಯಾವುದು ಅಗ್ಗ? ಎಲ್ಲವನ್ನೂ 100 ಗ್ರಾಂಗೆ ಇಳಿಸಿ. ಮೊದಲನೆಯದು 18 ರೂಪಾಯಿ. ಎರಡನೆಯದು 16 ರೂಪಾಯಿ. ಮೂರನೆಯದು ಹದಿನಾರೂವರೆ. ಅಂದರೆ ಅರ್ಧ ಕಿಲೋದ್ದೇ ಅಗ್ಗ. ಒಂದು ಕಿಲೋ ಬೇಕಾದರೆ ಅರ್ಧ ಕಿಲೋದ್ದು ಎರಡು ಕೊಂಡರೆ 160 ರೂಪಾಯಿ. ಐದು ರೂಪಾಯಿ ಉಳಿಯಿತು. ದೊಡ್ಡ ಪೊಟ್ಟಣ ಯಾವಾಗಲೂ ಅಗ್ಗ ಎಂಬುದು ಸುಳ್ಳಾಯಿತಲ್ರಿ?

ಇನ್ನೊಂದು ಮಾತು. ಐದು ರೂಪಾಯಿ ಬಿಸ್ಕೀಟು ಇವತ್ತಿಗೂ ಐದೇ ರೂಪಾಯಿಗೆ ಸಿಗುತ್ತದೆ. ಆದರೆ ಪೊಟ್ಟಣ ಸಣ್ಣದಾಗುತ್ತಾ ಬಂದಿದೆ. ಬೆಲೆ ಏರಿಸಿದರೆ ಜನ ಸಿಟ್ಟಾಗುತ್ತಾರೆ. ತೂಕ ಇಳಿಸಿದರೆ ಯಾರೂ ಗಮನಿಸುವುದಿಲ್ಲ. ತೂಕ ಓದಲು ಬಂದವರಿಗೆ ಮಾತ್ರ ಇದು ಕಾಣುತ್ತದೆ.

ಬಗ್ಗಿ ನೋಡ್ರಿ

ದೊಡ್ಡ ಅಂಗಡಿಯಲ್ಲಿ ಸಾಮಾನು ಇಡುವುದಕ್ಕೂ ಒಂದು ಲೆಕ್ಕ ಇರುತ್ತದೆ. ಹೆಚ್ಚಿನ ಬೆಲೆಯ ಸಾಮಾನು ಕಣ್ಣಿನ ಎತ್ತರಕ್ಕೆ ಇರುತ್ತದೆ. ಅಗ್ಗದ್ದು ಅನೇಕ ಸಲ ಕೆಳಗಿನ ಸಾಲಿನಲ್ಲಿರುತ್ತದೆ. ಆದ್ದರಿಂದ ಬಗ್ಗಿ ನೋಡಬೇಕು.

ರೊಕ್ಕ ಕೊಡುವ ಜಾಗದಲ್ಲಿ ಚಾಕೊಲೇಟು ಇರುತ್ತದೆ, ಮಕ್ಕಳ ಕೈಗೆ ಸಿಗುವಂತೆ. ಸರದಿಯಲ್ಲಿ ನಿಂತಾಗ ಮಗು ಅಳುತ್ತದೆ. ತಾಯಿ ಸೋಲುತ್ತಾಳೆ. ಮನೆಯಿಂದಲೇ ಒಂದು ಉಂಡೆ ಕೊಟ್ಟು ಕರೆದೊಯ್ದರೆ ಒಳ್ಳೆಯದು.

'ಒಂದು ಕೊಂಡರೆ ಒಂದು ಪುಕ್ಕಟೆ' ಎಂದು ಬರೆದಿರುತ್ತಾರೆ. ತಾರೀಖು ಹತ್ತಿರ ಬಂದಿದೆಯೋ ನೋಡಿ. ಬೇಡದ್ದು ಪುಕ್ಕಟೆ ಸಿಕ್ಕರೂ ದುಬಾರಿಯೇ.

ಅದಕ್ಕೇ ಮನೆಯಲ್ಲಿಯೇ ಚೀಟಿ ಬರೆಯಿರಿ. ನಿಮ್ಮ ಕೈಯಿಂದ ನೀವೇ ಬರೆಯಿರಿ. ಬೇಳೆ ಅರ್ಧ ಕಿಲೋ, ಉಪ್ಪು ಒಂದು, ಎಣ್ಣೆ ಒಂದು ಲೀಟರ್. ಚೀಟಿಯಲ್ಲಿ ಇಲ್ಲದ್ದು ಗಾಡಿಗೆ ಬೀಳಬಾರದು. ಕೊನೆಗೆ ಬಿಲ್ಲಿನೊಂದಿಗೆ ಸಾಮಾನು ತಾಳೆ ನೋಡಿ. ಬಿಲ್ಲು ಇಟ್ಟುಕೊಳ್ಳಿ. ಎಂ.ಆರ್.ಪಿ.ಗಿಂತ ಹೆಚ್ಚು ತೆಗೆದುಕೊಂಡರೆ 1915 ನಂಬರಿಗೆ ಫೋನ್ ಮಾಡಬಹುದು. ಅದು ಗ್ರಾಹಕರ ಸಹಾಯವಾಣಿ.

ಎಲ್ಲಿ ಏನು ಕೊಳ್ಳಬೇಕು?

ಎಲ್ಲವನ್ನೂ ಒಂದೇ ಕಡೆ ಕೊಳ್ಳಬೇಕೆಂದಿಲ್ಲ.

ರೇಷನ್ ಅಂಗಡಿ ಮೊದಲು. 2013ರ ಆಹಾರ ಭದ್ರತಾ ಕಾಯ್ದೆ ಧಾನ್ಯವನ್ನು ನಿಮ್ಮ ಹಕ್ಕು ಮಾಡಿದೆ. ಆದ್ಯತಾ ಕಾರ್ಡಿನಲ್ಲಿ ಹೆಸರಿರುವ ಪ್ರತಿಯೊಬ್ಬರಿಗೂ ತಿಂಗಳಿಗೆ 5 ಕಿಲೋ, ಅಂತ್ಯೋದಯ ಕುಟುಂಬಕ್ಕೆ 35 ಕಿಲೋ ಎಂದು ಅದರಲ್ಲಿದೆ. ಅದೇ ವರ್ಷ ನಮ್ಮ ರಾಜ್ಯದಲ್ಲಿ ಅನ್ನಭಾಗ್ಯ ಯೋಜನೆ ಶುರುವಾಯಿತು. ಇನ್ನೊಂದು ಮಾತು ನೆನಪಿಡಿ. ಆ ಕಾಯ್ದೆಯ ಪ್ರಕಾರ ರೇಷನ್ ಕಾರ್ಡಿನಲ್ಲಿ ಮನೆಯ ಯಜಮಾನಿ ಹಿರಿಯ ಹೆಣ್ಣುಮಗಳು. ಕಾರ್ಡು ತೆಗೆದು ಓದಿ. ಮಕ್ಕಳೆಲ್ಲರ ಹೆಸರು ಇದೆಯೇ? ಸೊಸೆಯ ಹೆಸರು ಸೇರಿದೆಯೇ?

ರೇಷನ್ ಅಕ್ಕಿಯಲ್ಲಿ ಕೆಲವು ಕಾಳು ಬೇರೆ ಬಣ್ಣದಲ್ಲಿ ಕಂಡದ್ದುಂಟು. "ಪ್ಲಾಸ್ಟಿಕ್ ಅಕ್ಕಿ" ಎಂದು ಜನ ಹೆದರಿದರು. ಅದು ಪ್ಲಾಸ್ಟಿಕ್ ಅಲ್ಲ. ಅಕ್ಕಿ ಹಿಟ್ಟಿಗೆ ಕಬ್ಬಿಣದ ಅಂಶ ಮತ್ತು ಜೀವಸತ್ವ ಬೆರೆಸಿ ಮಾಡಿದ ಕಾಳು. ನೂರು ಕಾಳಿಗೆ ಒಂದರಂತೆ ಬೆರೆಸುತ್ತಾರೆ. ಅಂಥದ್ದು ಸಿಕ್ಕರೆ ಆರಿಸಿ ಚೆಲ್ಲಬೇಡಿ.

ಕಾಯಿಪಲ್ಯಕ್ಕೆ ಸಂತೆಯೇ ಸರಿ. ಸಂಜೆ ಹೊತ್ತಿಗೆ ಸೊಪ್ಪಿನ ಸೂಡು ಅಗ್ಗವಾಗುತ್ತವೆ. ಆಯಾ ಕಾಲದ ಪಲ್ಯ ಕೊಳ್ಳಿರಿ.

ಜೋಳ ಸುಗ್ಗಿಯಲ್ಲಿ ಕೊಳ್ಳಬೇಕು. ಹಿಂಗಾರಿ ಬಿಳಿಜೋಳ ಬೇಸಿಗೆ ಶುರುವಿಗೆ ಪೇಟೆಗೆ ಬರುತ್ತದೆ. ಒಬ್ಬರಿಗೆ ಚೀಲ ಕೊಳ್ಳುವುದು ಕಷ್ಟ. ಆದರೆ ಸ್ವಸಹಾಯ ಸಂಘದ ಐದಾರು ಜನ ಕೂಡಿದರೆ? ಅಮರಗೋಳದ ಎ.ಪಿ.ಎಂ.ಸಿ. ಕಡೆಯಿಂದ ಒಂದು ಚೀಲ ತಂದು ಹಂಚಿಕೊಳ್ಳಬಹುದು. ಬಿಸಿಲಿಗೆ ಒಣಗಿಸಿ, ಬೇವಿನ ಎಲೆ ಹಾಕಿ ಇಡಿ. ಮೆಣಸಿನಕಾಯಿಯೂ ಹಾಗೆಯೇ. ಕಾಯಿ ತಂದು ಗಿರಣಿಯಲ್ಲಿ ಖಾರ ಕುಟ್ಟಿಸಿದರೆ ಬಣ್ಣದ ಕಲಬೆರಕೆಯ ಭಯ ಇಲ್ಲ.

ಬೇಳೆ, ಸಕ್ಕರೆ, ಎಣ್ಣೆಗೆ ಕಿರಾಣಿ ಅಂಗಡಿ ಮತ್ತು ದೊಡ್ಡ ಅಂಗಡಿ ಎರಡರ ಬೆಲೆಯನ್ನೂ ಬರೆದುಕೊಂಡು ಹೋಲಿಸಿ. ಹೋಗಿ ಬರುವ ಖರ್ಚನ್ನೂ ಸೇರಿಸಿ. ಅಂಗಡಿಯಲ್ಲಿ 40 ರೂಪಾಯಿ ಉಳಿಸಿ ಆಟೋಕ್ಕೆ 80 ಕೊಟ್ಟರೆ ಏನು ಬಂತು? 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಸಾದಾ ಸರ್ಕಾರಿ ಬಸ್ಸಿನಲ್ಲಿ ರಾಜ್ಯದ ಹೆಣ್ಣುಮಕ್ಕಳಿಗೆ ಟಿಕೆಟ್ಟಿನ ರೊಕ್ಕ ಉಳಿದಿದೆ.

ಓಣಿಯ ಕಿರಾಣಿಯವರನ್ನು ಕೈಬಿಡಿ ಎಂದು ನಾನು ಹೇಳುವುದಿಲ್ಲ. ಕಷ್ಟಕಾಲದಲ್ಲಿ ಉದ್ರಿ ಕೊಡುವವರು ಅವರೇ. ದೊಡ್ಡ ಅಂಗಡಿಯಲ್ಲಿ ಉದ್ರಿ ಇಲ್ಲ. ಆದರೆ ಉದ್ರಿ ಪುಸ್ತಕವನ್ನು ಈಗ ನೀವೂ ಓದಬೇಕು. ಅವರು ಬರೆದದ್ದನ್ನು ಅಂದಂದೇ ನೋಡಿ. ಮನೆಯಲ್ಲಿ ನಿಮ್ಮದೇ ಒಂದು ವಹಿ ಇರಲಿ. ಎರಡೂ ಲೆಕ್ಕ ಕೂಡಿದರೆ ಜಗಳವಿಲ್ಲ.

ಎಲ್ಲಿ ಉಳಿಸಬಾರದು?

ಎಣ್ಣೆಯನ್ನು ಬಿಡಿಯಾಗಿ ಕೊಳ್ಳಬೇಡಿ. ಬಿಡಿ ಎಣ್ಣೆ ಮಾರುವುದಕ್ಕೆ ಕಾಯ್ದೆಯೂ ಒಪ್ಪುವುದಿಲ್ಲ. 1998ರಲ್ಲಿ ದೆಹಲಿಯಲ್ಲಿ ಕಲಬೆರಕೆಯ ಸಾಸಿವೆ ಎಣ್ಣೆ ತಿಂದು 60ಕ್ಕೂ ಹೆಚ್ಚು ಜನ ಸತ್ತರು. ಬೇಕಾದರೆ ಸಣ್ಣ ಪೊಟ್ಟಣ ಕೊಳ್ಳಿ, ಆದರೆ ಮುಚ್ಚಿದ್ದನ್ನೇ ಕೊಳ್ಳಿ. ಉಪ್ಪು ಅಯೋಡಿನ್ ಇರುವುದೇ ಆಗಿರಲಿ. ಅಗ್ಗದ ಹೆಸರಿನದಾದರೂ ನಡೆಯುತ್ತದೆ.

ಹಾಗಾದರೆ ಕಡಿತ ಎಲ್ಲಿ? ದಿನಕ್ಕೆ ಎರಡು ಐದು ರೂಪಾಯಿ ಪೊಟ್ಟಣ ಎಂದರೆ 10 ರೂಪಾಯಿ. ತಿಂಗಳಿಗೆ 300 ರೂಪಾಯಿ. ಬಿಸ್ಕೀಟು, ಕುರುಕಲು ತಿಂಡಿಗೆ ಇಷ್ಟು ಹೋಗುತ್ತದೆ. 300 ರೂಪಾಯಿಗೆ ಎಷ್ಟು ಶೇಂಗಾ ಬರುತ್ತದೆ ಕೇಳಿ ನೋಡಿ. ಶೇಂಗಾ ಮತ್ತು ಬೆಲ್ಲ ಕುಟ್ಟಿ ಉಂಡೆ ಕಟ್ಟಿದರೆ ಮಕ್ಕಳಿಗೆ ಅದಕ್ಕಿಂತ ಒಳ್ಳೆಯ ತಿಂಡಿ ಯಾವುದಿದೆ?

ನಮ್ಮ ಕಡೆಯ ಹಳೆಯ ಊಟ ಬಡವರ ಊಟ ಎಂದು ನಾಚಬೇಡಿ. ಜೋಳದ ರೊಟ್ಟಿ, ಹೆಸರುಕಾಳಿನ ಅಥವಾ ಮಡಿಕೆಕಾಳಿನ ಪಲ್ಯ, ಪುಂಡಿಪಲ್ಯ, ಅಗಸಿ ಹಿಂಡಿ, ಗುರೆಳ್ಳು ಹಿಂಡಿ. ರೊಟ್ಟಿಯಲ್ಲಿ ಇಲ್ಲದ್ದು ಕಾಳಿನಲ್ಲಿದೆ. ಕಾಳಿನಲ್ಲಿ ಇಲ್ಲದ್ದು ರೊಟ್ಟಿಯಲ್ಲಿದೆ. ಎರಡೂ ಕೂಡಿದರೆ ಮೈಗೆ ಬಲ. ಕಾಳು ಮೊಳಕೆ ಬಂದರೆ ಜೀವಸತ್ವ ಹೆಚ್ಚುತ್ತದೆ. ಅದಕ್ಕೆ ಖರ್ಚು ನೀರು ಮತ್ತು ಬಟ್ಟೆ ಅಷ್ಟೇ. ನುಗ್ಗಿಸೊಪ್ಪು ಅನೇಕ ಓಣಿಗಳಲ್ಲಿ ರೊಕ್ಕವಿಲ್ಲದೆ ಸಿಗುತ್ತದೆ.

ಕೊನೆಯ ತಾಟು ಯಾರದು?

ಈಗ ಮುಖ್ಯ ಮಾತಿಗೆ ಬರುತ್ತೇನೆ.

ರೊಕ್ಕ ಕಡಿಮೆಯಾದಾಗ ಮನೆಯಲ್ಲಿ ಮೊದಲು ಯಾರ ಊಟ ಕಡಿಮೆಯಾಗುತ್ತದೆ? ದುಡಿದು ಬಂದ ಗಂಡನದಲ್ಲ. ಮಕ್ಕಳದೂ ಅಲ್ಲ. ಎಲ್ಲರೂ ಉಂಡ ಮೇಲೆ ಬುಟ್ಟಿಯಲ್ಲಿ ಒಂದು ರೊಟ್ಟಿ ಉಳಿದಿರುತ್ತದೆ. ಪಲ್ಯ ಇರುವುದಿಲ್ಲ. ಅವ್ವ ಚಟ್ನಿ ಹಚ್ಚಿಕೊಂಡು ತಿಂದು, ಮೇಲೆ ಚಹಾ ಕುಡಿದು ಮಲಗುತ್ತಾಳೆ. ಇದನ್ನು ಯಾವ ವಹಿಯಲ್ಲೂ ಬರೆಯುವುದಿಲ್ಲ. ಆದರೆ ಆ ಮನೆಯ ಉಳಿತಾಯ ಅಲ್ಲಿಂದಲೇ ಬಂದಿರುತ್ತದೆ.

2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಏನು ಹೇಳಿತು ಗೊತ್ತೇ? ಕರ್ನಾಟಕದಲ್ಲಿ 15ರಿಂದ 49 ವಯಸ್ಸಿನ ನೂರು ಹೆಣ್ಣುಮಕ್ಕಳಲ್ಲಿ ಸುಮಾರು 48 ಜನಕ್ಕೆ ರಕ್ತಹೀನತೆ ಇದೆ. ಹೆಚ್ಚುಕಡಿಮೆ ಇಬ್ಬರಲ್ಲಿ ಒಬ್ಬರಿಗೆ. ನಿಮ್ಮ ಪಕ್ಕದಲ್ಲಿ ಕುಳಿತವರನ್ನು ನೋಡಿ. ನೀವು ಅಥವಾ ಅವರು. ಮೆಟ್ಟಿಲು ಹತ್ತಿದರೆ ದಮ್ಮು, ಕಣ್ಣಿಗೆ ಕತ್ತಲೆ, ಸದಾ ದಣಿವು. "ಹೆಂಗಸರಿಗೆ ಇದೆಲ್ಲಾ ಇದ್ದದ್ದೇ" ಎಂದು ಸುಮ್ಮನಾಗುತ್ತೇವೆ. ಇದ್ದದ್ದೇ ಅಲ್ಲ. ಸರ್ಕಾರಿ ದವಾಖಾನೆಯಲ್ಲಿ ರಕ್ತ ಪರೀಕ್ಷೆ ಮಾಡಿಸಿ. ಕಬ್ಬಿಣದ ಗುಳಿಗೆ ಕೊಟ್ಟರೆ ತಪ್ಪದೆ ತೆಗೆದುಕೊಳ್ಳಿ.

ಊಟದಲ್ಲಿ ಮೂರು ಬದಲಾವಣೆ ಮಾಡಿ. ಇವಕ್ಕೆ ರೊಕ್ಕ ಬೇಡ. ಒಂದು, ಊಟದ ಬೆನ್ನಿಗೇ ಚಹಾ ಬೇಡ, ಒಂದು ತಾಸು ತಡೆಯಿರಿ. ಚಹಾ ಕಬ್ಬಿಣದ ಅಂಶವನ್ನು ಮೈಗೆ ಹತ್ತಗೊಡುವುದಿಲ್ಲ. ಎರಡು, ಪಲ್ಯದ ಮೇಲೆ ಲಿಂಬಿಹಣ್ಣು ಹಿಂಡಿಕೊಳ್ಳಿ. ಅದು ಕಬ್ಬಿಣದ ಅಂಶ ಮೈಗೆ ಹತ್ತುವಂತೆ ಮಾಡುತ್ತದೆ. ಮೂರು, ಪಲ್ಯ ಮಾಡಿದ ಕೂಡಲೇ ನಿಮ್ಮ ಪಾಲನ್ನು ಮೊದಲು ತೆಗೆದಿಡಿ. ಸಾಧ್ಯವಾದರೆ ಎಲ್ಲರೂ ಕೂಡಿ ಊಟಕ್ಕೆ ಕುಳಿತುಕೊಳ್ಳಿ. ಮಕ್ಕಳೂ ಅದನ್ನೇ ನೋಡಿ ಕಲಿಯುತ್ತಾರೆ. ಬಸುರಿ, ಬಾಣಂತಿಯರಿಗೆ ಅಂಗನವಾಡಿಯಲ್ಲಿ 2017ರಲ್ಲಿ ಮಾತೃಪೂರ್ಣ ಯೋಜನೆಯ ಊಟ ಶುರುವಾಯಿತು. ನಿಮ್ಮ ಅಂಗನವಾಡಿಯಲ್ಲಿ ವಿಚಾರಿಸಿ, ನಾಚಿಕೆ ಬಿಟ್ಟು ಪಡೆಯಿರಿ.

ಕೆಲವರು "ಮೊದಲು ತೆಗೆದಿಟ್ಟರೆ ಅತ್ತೆ ಏನಂದಾರು?" ಎನ್ನುತ್ತಾರೆ. ಅತ್ತೆಯವರಿಗೂ ಈ ಲೆಕ್ಕ ಓದಿ ಹೇಳಿ. ಅವರೂ ಒಂದು ಕಾಲಕ್ಕೆ ಕೊನೆಯ ರೊಟ್ಟಿ ತಿಂದವರೇ. ಅವರ ಪಾಲನ್ನೂ ತೆಗೆದಿಡಿ.

ಅಕ್ಕಂದಿರೇ, ಸರ್ಕಾರದ ಸಹಾಯ ಇದೆ ಎಂದು ಕೂಲಿ ಹೆಚ್ಚಿಸಿರಿ ಎಂಬ ಮಾತನ್ನು ಮರೆಯಬೇಕಾಗಿಲ್ಲ. ಎಷ್ಟು ಜಾಣತನದಿಂದ ಕೊಂಡರೂ ಇಲ್ಲದ ರೊಕ್ಕ ಹುಟ್ಟುವುದಿಲ್ಲ. ಆದರೆ ಇದ್ದ ರೊಕ್ಕ ಎಲ್ಲಿ ಹೋಗುತ್ತದೆ ಎಂದು ನಾವು ಓದಬಲ್ಲೆವು. ಹಾಗೆ ಉಳಿದ ರೂಪಾಯಿ ನಿಮ್ಮ ತಾಟಿಗೂ ಬರಲಿ.



ಕೂಡಿ ಕುಳಿತು ಮಾಡಿರಿ

1. ಮನೆಯಲ್ಲಿರುವ ಒಂದು ಪೊಟ್ಟಣ ತನ್ನಿ. ತೂಕ, ಬೆಲೆ, ತಾರೀಖು ಓದಿ ಬರೆಯಿರಿ.
2. 250 ಗ್ರಾಂ ಚಹಾಪುಡಿಗೆ 110 ರೂಪಾಯಿ. 100 ಗ್ರಾಂಗೆ 42 ರೂಪಾಯಿ. ಯಾವುದು ಅಗ್ಗ?
3. ಬರುವ ವಾರದ ಸಂತೆಯ ಚೀಟಿ ಬರೆಯಿರಿ.
4. ನಿನ್ನೆ ರಾತ್ರಿ ನಿಮ್ಮ ತಾಟಿನಲ್ಲಿ ಏನೇನಿತ್ತು? ಬರೆದು, ಓದಿ ಹೇಳಿ.