ಬಾನಿನ ಬೆಂಕಿಯುಂಡೆ: ಕಂಡದ್ದನ್ನು ಕಂಡಂತೆ ಹೇಳೋಣ

(ವಾರ್ಷಿಕ ಸಭೆಯಲ್ಲಿ ಮಾಡಿದ ಭಾಷಣ)



ಇಶಾ ನಮಾಜ್ ಮುಗಿಸಿ ಮನೆಗೆ ಹೊರಟಿದ್ದೀರಿ ಎಂದುಕೊಳ್ಳಿ. ಇದ್ದಕ್ಕಿದ್ದಂತೆ ಬೀದಿಯೆಲ್ಲ ಬೆಳಗುತ್ತದೆ. ತಲೆಯೆತ್ತಿದರೆ ಬೆಂಕಿಯುಂಡೆಯೊಂದು ಆಕಾಶದಲ್ಲಿ ಹಾದು, ನಾಲ್ಕೈದು ಸೆಕೆಂಡಿನಲ್ಲಿ ಆರಿಹೋಗುತ್ತದೆ. ಮರುದಿನ ಕೋಲಾರದವರು "ಅಂತರಗಂಗೆ ಬೆಟ್ಟದ ಹಿಂದೆ ಬಿತ್ತು" ಎನ್ನುತ್ತಾರೆ. ಮಾಲೂರಿನವರು "ನಮ್ಮ ಕೆರೆಗೇ ಬಿತ್ತು" ಎನ್ನುತ್ತಾರೆ. ಯಾರೂ ಸುಳ್ಳು ಹೇಳುತ್ತಿಲ್ಲ. ಉಲ್ಕೆಯ ಬೆಳಕು ಸಾಮಾನ್ಯವಾಗಿ ನೆಲದಿಂದ ಹತ್ತಾರು ಕಿ.ಮೀ. ಎತ್ತರದಲ್ಲೇ ಆರುತ್ತದೆ, ಆದರೆ ನೋಡಿದವರಿಗೆಲ್ಲ ಪಕ್ಕದಲ್ಲೇ ಬಿದ್ದಂತೆ ತೋರುತ್ತದೆ.

ಇದು ನಮಗೆ ದೂರದ ಮಾತಲ್ಲ. 2008ರ ಸೆಪ್ಟೆಂಬರ್ 12ರ ಬೆಳಿಗ್ಗೆ, ಮಾಲೂರಿನಿಂದ ದಕ್ಷಿಣಕ್ಕೆ ಸುಮಾರು 40 ಕಿ.ಮೀ. ದೂರದ ಶೂಲಗಿರಿಯ ಬಳಿ ಉಲ್ಕಾಶಿಲೆಗಳು ಬಿದ್ದವು. ಒಟ್ಟು ತೂಕ ಸುಮಾರು 110 ಕಿಲೋ.

ಇನ್ನೊಂದು ಘಟನೆ ಕೇಳಿ. 2016ರ ಫೆಬ್ರವರಿ 6ರಂದು ತಮಿಳುನಾಡಿನ ವೇಲೂರು ಜಿಲ್ಲೆಯ ಕಾಲೇಜೊಂದರಲ್ಲಿ ಸ್ಫೋಟವಾಗಿ ಬಸ್ ಚಾಲಕರೊಬ್ಬರು ತೀರಿಕೊಂಡರು. ಉಲ್ಕೆ ಬಿದ್ದು ಸತ್ತರೆಂದು ರಾಜ್ಯ ಸರ್ಕಾರವೇ ಹೇಳಿತು. ಚಿತ್ರಗಳನ್ನು ನೋಡಿದ ನಾಸಾ ವಿಜ್ಞಾನಿಗಳು, ಇದು ನೆಲದ ಮೇಲೆಯೇ ಆದ ಸ್ಫೋಟದಂತಿದೆ ಎಂದರು. ಆತುರದ ಮಾತಿನಿಂದ ಒಬ್ಬ ಮನುಷ್ಯನ ಸಾವಿನ ನಿಜವಾದ ಕಾರಣವೇ ಮರೆಯಾಗಬಹುದು.

ಹಾಗಾದರೆ ನಾವು ಮಾಡಬೇಕಾದದ್ದೇನು? ನಿಂತ ಜಾಗವನ್ನು ಗುರುತಿಟ್ಟುಕೊಳ್ಳಿ. ಗಡಿಯಾರ ನೋಡಿ. ಬೆಳಕು ಎಲ್ಲಿ ಹುಟ್ಟಿತು, ಎಲ್ಲಿ ಆರಿತು ಎಂಬುದನ್ನು ಮರ, ಮಿನಾರ್, ನೀರಿನ ಟ್ಯಾಂಕ್‌ಗಳ ಗುರುತಿನಿಂದ ನೆನಪಿಡಿ. ಕೈಚಾಚಿ ಮುಷ್ಟಿ ಹಿಡಿದರೆ ಅದರ ಅಗಲ ಸುಮಾರು 10 ಡಿಗ್ರಿ; ಎತ್ತರವನ್ನು ಹಾಗೆ ಅಳೆಯಿರಿ. ಸದ್ದು ಬಂದರೆ ಬೆಳಕು ಕಂಡ ಎಷ್ಟು ಹೊತ್ತಿಗೆ ಬಂತೆಂದು ಎಣಿಸಿ. ಮೂರು ಸೆಕೆಂಡಿಗೆ ಸುಮಾರು ಒಂದು ಕಿ.ಮೀ. ಪಕ್ಕದವರ ಮಾತು ಕೇಳುವ ಮೊದಲೇ ಎಲ್ಲವನ್ನೂ ಬರೆದಿಡಿ.

ಒಬ್ಬರ ಸಾಕ್ಷಿಯಿಂದ ದಿಕ್ಕು ಮಾತ್ರ ತಿಳಿಯುತ್ತದೆ. ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರಗಳಿಂದ ಒಬ್ಬೊಬ್ಬರು ದಿಕ್ಕನ್ನು ಸರಿಯಾಗಿ ಹೇಳಿದರೆ, ನಕ್ಷೆಯ ಮೇಲೆ ಎಳೆದ ಗೆರೆಗಳು ಕೂಡುವಲ್ಲಿ ಬೆಳಕು ಆರಿದ ಜಾಗ ಸಿಗುತ್ತದೆ. ಅಂತರರಾಷ್ಟ್ರೀಯ ಉಲ್ಕಾ ಸಂಘಟನೆ ಇಂಥ ವರದಿಗಳನ್ನು ಸಾಮಾನ್ಯರಿಂದಲೇ ಪಡೆಯುತ್ತದೆ. ಕಪ್ಪು ಸಿಪ್ಪೆಯ ಹೊಸ ಕಲ್ಲು ಸಿಕ್ಕರೆ ತೊಳೆಯಬೇಡಿ, ಆಯಸ್ಕಾಂತ ತಾಗಿಸಬೇಡಿ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಇಲಾಖೆಗೆ ತಿಳಿಸಿ.

ವಿದ್ಯಾರ್ಥಿಗಳೇ, ಇದಕ್ಕೆ ದೂರದರ್ಶಕ ಬೇಡ, ಪದವಿಯೂ ಬೇಡ. ಕಂಡಷ್ಟನ್ನೇ ಹೇಳುವ, ಕಾಣದ್ದನ್ನು "ನೋಡಲಿಲ್ಲ" ಎನ್ನುವ ಪ್ರಾಮಾಣಿಕತೆ ಸಾಕು. ವಿಜ್ಞಾನದ ಮೊದಲ ಪಾಠವೂ ಅದೇ.