ತರಬೇತಿಗೆ ಜೊತೆಗೊಬ್ಬರು ಇರಲಿ



ಪುತ್ತೂರು, ಸುಳ್ಯ, ಕಡಬದ ನಮ್ಮ ಸಂಘಗಳಿಂದ ಟೈಲರಿಂಗ್, ಹಪ್ಪಳ ಅಂತ ತರಬೇತಿಗೆ ಹೋಗಿ ಬರುತ್ತೇವೆ. ಕೆಲವರ ಮನೆಯಲ್ಲಿ ಸರ್ಟಿಫಿಕೇಟು ಉಂಟು, ವ್ಯಾಪಾರ ಮಾತ್ರ ಶುರುವಾಗ್ಲಿಲ್ಲ. ಕಲಿತದ್ದು ಕೈಗೆ ಬರಬೇಕಾದರೆ ಏನು ಬೇಕು?

ಅಹಮದಾಬಾದಿನಲ್ಲಿ ಹೆಂಗಸರದ್ದೇ ಆದ ಸೇವಾ ಬ್ಯಾಂಕಿನಲ್ಲಿ ಇದನ್ನು ಪರೀಕ್ಷಿಸಿ ನೋಡಿದ್ದಾರೆ. ಆ ಅಧ್ಯಯನ 2016ರಲ್ಲಿ ಪ್ರಕಟವಾಯಿತು. ಎರಡು ದಿನದ ವ್ಯಾಪಾರ ತರಬೇತಿಗೆ ಕೆಲವರನ್ನು ಒಬ್ಬರೇ ಬರಲು ಕರೆದರು, ಕೆಲವರನ್ನು ಗೆಳತಿಯೊಡನೆ. ಪಾಠ ಎಲ್ಲರಿಗೂ ಒಂದೇ. ನಾಲ್ಕು ತಿಂಗಳ ನಂತರ ನೋಡಿದರೆ, ಗೆಳತಿಯ ಜೊತೆ ಕರೆದವರೇ ವ್ಯಾಪಾರಕ್ಕೆ ಹೆಚ್ಚು ಸಾಲ ಪಡೆದಿದ್ದರು. ಅವರ ಮನೆಯ ಆದಾಯವೂ ಹೆಚ್ಚಿತ್ತು. ಹೊರಗೆ ಹೋಗಲು ಕಟ್ಟುಪಾಡು ಜಾಸ್ತಿ ಇರುವ ಹೆಂಗಸರಿಗೆ ಇದರಿಂದ ಹೆಚ್ಚು ಬಲ ಬಂತು.

ನಮಗೆ ಹತ್ತಿರದ ಉಜಿರೆಯಲ್ಲಿ 1982ರಲ್ಲಿ ಶುರುವಾದ ರುಡ್‌ಸೆಟ್ ಸಂಸ್ಥೆ ಉಂಟು. ಊಟ, ವಸತಿ ಸಹಿತ ತರಬೇತಿ ಉಚಿತ. ಮುಗಿದ ಮೇಲೂ ವಿಚಾರಿಸ್ತಾರೆ. ಅರ್ಜಿ ಹಾಕುವಾಗ ಒಂದೇ ಸಂಘದಿಂದ ಇಬ್ಬರು ಹಾಕುವ. ಬಂದ ಮೇಲೆ ವಾರದ ಸಭೆಯಲ್ಲಿ ಇಬ್ಬರೂ ವ್ಯಾಪಾರದ ಲೆಕ್ಕ ಹೇಳುವ. ಒಬ್ಬರು ಸೋತು ಕೂತರೆ ಇನ್ನೊಬ್ಬರು ಎಬ್ಬಿಸ್ತಾರೆ, ಅಲ್ವಾ?

ಮುಂದಿನ ಸಭೆಯಲ್ಲೇ ಜೋಡಿಗಳ ಹೆಸರು ಬರೆದಿಡೋಣ.