ಮಗ್ಗದ ರಟ್ಟು, ಗಣಕದ ಅಂಗಿ

ಬಟ್ಟೆಯನ್ನು ಕೊಡುವುದು ಬೇರೆ, ಬಟ್ಟೆಯ ನಮೂನೆಯನ್ನು ಕೊಡುವುದು ಬೇರೆ. ಸೀರೆಯೊಂದನ್ನು ಇನ್ನೊಬ್ಬರಿಗೆ ಕೊಟ್ಟರೆ ಕೊಟ್ಟವರ ಪೆಟ್ಟಿಗೆಯಲ್ಲಿ ಒಂದು ಸೀರೆ ಕಡಿಮೆಯಾಗುತ್ತದೆ. ಅದರ ಅಂಚಿನ ನಮೂನೆಯನ್ನು ಕೊಟ್ಟರೆ ಅದು ಕೊಟ್ಟವರಲ್ಲೂ ಉಳಿಯುತ್ತದೆ, ಪಡೆದವರಿಗೂ ಸಿಗುತ್ತದೆ. ಹಾಗಾಗಿ ಕೊಟ್ಟವರಿಗೆ ನಷ್ಟವೇನೂ ಇಲ್ಲವೆಂದು ಮೇಲ್ನೋಟಕ್ಕೆ ಅನ್ನಿಸುತ್ತದೆ. ನೇಕಾರರನ್ನು ಕೇಳಿದರೆ ಬೇರೆ ಉತ್ತರ ಬರುತ್ತದೆ.

ಈ ಉಪನ್ಯಾಸದ ವಸ್ತು ಎರಡು ಊರುಗಳಿಗೆ ಸೇರಿದ್ದು. ಒಂದು, ಬೆಂಗಳೂರಿನ ಪಶ್ಚಿಮ ಭಾಗದ ಮಗ್ಗಗಳ ಕೇರಿ. ಇನ್ನೊಂದು ಯಾವ ಭೂಪಟದಲ್ಲೂ ಇಲ್ಲದ, ಕಂಪ್ಯೂಟರಿನೊಳಗೆ ಮಾತ್ರ ಇರುವ ಊರು. ಅಲ್ಲಿಯೂ ಜನ ಬಟ್ಟೆ ಸಿದ್ಧಪಡಿಸುತ್ತಾರೆ, ಮಾರುತ್ತಾರೆ, ಕೊಳ್ಳುತ್ತಾರೆ. ಆ ಬಟ್ಟೆಗೆ ನೂಲಿಲ್ಲ, ತೂಕವಿಲ್ಲ. ಆದರೆ ನಮೂನೆ ಯಾರದು, ಅದನ್ನು ಯಾರು ಯಾರಿಗೆ ಕೊಡಬಹುದು ಎಂಬ ತಕರಾರು ಎರಡೂ ಕಡೆ ಇದೆ.

ರಾಜಾಜಿನಗರ, ವಿಜಯನಗರ, ಬಸವೇಶ್ವರನಗರಗಳೆಂದರೆ ಇಂದು ವಾಸದ ಬಡಾವಣೆಗಳೆಂದೇ ನಮ್ಮ ಎಣಿಕೆ. ಆದರೆ ನಗರದ ಈ ದಿಕ್ಕಿಗೆ ನೂಲಿನ ನಂಟು ಹಳೆಯದು. 1866ರಲ್ಲಿ ಇಟಲಿಯ ಡಿ ವೆಕ್ಕಿ ಎಂಬಾತ ರೇಷ್ಮೆ ಗೂಡಿನಿಂದ ಎಳೆ ತೆಗೆಯುವ ಯಂತ್ರಗಳನ್ನು ತಂದು ಹೂಡಿದ್ದು ಕೆಂಗೇರಿಯಲ್ಲಿ. 1884ರಲ್ಲಿ ಹುಟ್ಟಿ ಮುಂದೆ ಬಿನ್ನಿ ಮಿಲ್ಲೆಂದೇ ಪ್ರಸಿದ್ಧವಾದ ಗಿರಣಿ ಬಿನ್ನಿಪೇಟೆಗೆ ತನ್ನ ಹೆಸರನ್ನು ಬಿಟ್ಟುಹೋಯಿತು. ಮಾಗಡಿ ರಸ್ತೆಯ ಮಿನರ್ವ ಮಿಲ್ಲಿನ ಹೆಸರಂತೂ 1980ರ ಸುಪ್ರೀಂ ಕೋರ್ಟ್ ತೀರ್ಪಿನಿಂದಾಗಿ ದೇಶದ ಎಲ್ಲ ಕಾನೂನು ವಿದ್ಯಾರ್ಥಿಗಳ ಬಾಯಲ್ಲಿದೆ; ಅದು ನಮ್ಮೂರಿನ ಬಟ್ಟೆ ಗಿರಣಿಯೊಂದರ ಹೆಸರೆಂಬುದು ಅವರಲ್ಲಿ ಎಷ್ಟು ಮಂದಿಗೆ ಗೊತ್ತೋ! ದೊಡ್ಡ ಗಿರಣಿಗಳ ಕಾಲ ಮುಗಿಯಿತು. ಮಾಗಡಿ ರಸ್ತೆ, ಕಾಮಾಕ್ಷಿಪಾಳ್ಯಗಳ ಆಸುಪಾಸಿನ ಅಡ್ಡರಸ್ತೆಗಳಲ್ಲಿ ಸಣ್ಣ ವಿದ್ಯುತ್ ಮಗ್ಗಗಳ ಸದ್ದು ಮಾತ್ರ ಉಳಿದುಕೊಂಡಿತು. ಮುಂದೆ ಎರಡೋ ನಾಲ್ಕೋ ಮಗ್ಗ, ಹಿಂದೆ ಸಂಸಾರ. ಲಾಳಿಯ ಲಯಕ್ಕೆ ಮಕ್ಕಳು ನಿದ್ದೆ ಹೋಗುವ ಮನೆಗಳು.

ಇಂಥ ಮಗ್ಗದ ನೆತ್ತಿಯ ಮೇಲೆ ಒಂದು ಕಬ್ಬಿಣದ ಚೌಕಟ್ಟು ಕೂತಿರುತ್ತದೆ. ಅದಕ್ಕೆ ತೂಗುಬಿಟ್ಟ ಉದ್ದನೆಯ ರಟ್ಟಿನ ಮಾಲೆ. ಅದೇ ಜಕಾರ್ಡ್. ರಟ್ಟಿನ ಪ್ರತಿಯೊಂದು ಪಟ್ಟಿಯ ಮೇಲೂ ತೂತುಗಳ ಸಾಲು. ತೂತಿರುವ ಕಡೆ ಸೂಜಿ ಒಳಹೋಗುತ್ತದೆ, ಅದಕ್ಕೆ ಸೇರಿದ ಕೊಕ್ಕೆ ಹಾಸಿನ ಎಳೆಯನ್ನು ಮೇಲಕ್ಕೆತ್ತುತ್ತದೆ. ತೂತಿಲ್ಲದ ಕಡೆ ಎಳೆ ಕೆಳಗೇ ಉಳಿಯುತ್ತದೆ. ಎದ್ದ ಎಳೆಗಳ ಅಡಿಯಲ್ಲಿ ಲಾಳಿ ಹಾದು ಹೊಕ್ಕಿನ ಒಂದು ಸಾಲು ಬೀಳುತ್ತದೆ. ಮಾಲೆ ಒಂದು ಹೆಜ್ಜೆ ತಿರುಗಿ ಮುಂದಿನ ರಟ್ಟು ಬರುತ್ತದೆ. ಹೊಕ್ಕಿನ ಒಂದು ಸಾಲಿಗೆ ಒಂದು ರಟ್ಟು. ಒಂದು ಮಾವಿನಕಾಯಿ ಬುಟ್ಟಾಕ್ಕೆ 240 ಸಾಲು ಬೇಕಾದರೆ 240 ರಟ್ಟು. ನವಿಲಾಗಲಿ, ರುದ್ರಾಕ್ಷಿಯಾಗಲಿ, ಗೋಪುರವಾಗಲಿ, ಕೊನೆಗೆ ಅದು ಉಂಟು ಮತ್ತು ಇಲ್ಲ ಎಂಬ ಎರಡೇ ಮಾತುಗಳ ಸರಮಾಲೆ. ಕಂಪ್ಯೂಟರ್ ಬರುವುದಕ್ಕೆ ಬಹಳ ಮುಂಚೆಯೇ ಬಟ್ಟೆಯ ವಿನ್ಯಾಸ ಹೀಗೆ ಒಂದು ಕಡತವಾಗಿಬಿಟ್ಟಿತ್ತು.

ಇದು ಕೇವಲ ಹೋಲಿಕೆಯ ಮಾತಲ್ಲ. ಫ್ರಾನ್ಸಿನ ಲಿಯಾನ್ ನಗರದ ಜೋಸೆಫ್ ಮಾರಿ ಜಕಾರ್ಡ್, ತನಗಿಂತ ಮುಂಚಿನವರ ಯಂತ್ರಗಳನ್ನು ಸುಧಾರಿಸಿ ಈ ಸಾಧನವನ್ನು 1804ರ ಸುಮಾರಿಗೆ ರೂಪಿಸಿದ. ಅವನ ಮರಣಾನಂತರ, 1839ರಲ್ಲಿ, ಅವನದೇ ಭಾವಚಿತ್ರವನ್ನು ರೇಷ್ಮೆಯಲ್ಲಿ ನೇಯಲು ಸುಮಾರು 24,000 ರಟ್ಟುಗಳು ಬೇಕಾದವು. ಲೆಕ್ಕದ ಯಂತ್ರವೊಂದರ ಕನಸು ಕಾಣುತ್ತಿದ್ದ ಇಂಗ್ಲೆಂಡಿನ ಚಾರ್ಲ್ಸ್ ಬ್ಯಾಬೇಜ್ ಆ ಚಿತ್ರದ ಒಂದು ಪ್ರತಿಯನ್ನು ಸಂಪಾದಿಸಿ ಮನೆಗೆ ಬಂದವರಿಗೆ ತೋರಿಸುತ್ತಿದ್ದ. ತನ್ನ ಯಂತ್ರಕ್ಕೂ ಅವನು ಆರಿಸಿಕೊಂಡದ್ದು ತೂತಿನ ರಟ್ಟನ್ನೇ.

ಇಲ್ಲೊಂದು ಸ್ವಾರಸ್ಯವಿದೆ. ನೆಪೋಲಿಯನ್ನನ ಸರ್ಕಾರ ಜಕಾರ್ಡನಿಗೆ ಪಿಂಚಣಿ ಕೊಟ್ಟು, ಅವನ ಯಂತ್ರವನ್ನು ಸಾರ್ವಜನಿಕ ಸ್ವತ್ತೆಂದು ಸಾರಿತು. ಯಾರು ಬೇಕಾದರೂ ಅಂಥ ಯಂತ್ರ ಕಟ್ಟಬಹುದಿತ್ತು. ಆದರೆ 1806ರಲ್ಲಿ ಅದೇ ಲಿಯಾನ್‌ಗಾಗಿ ಬಂದ ಕಾಯಿದೆಯ ಪ್ರಕಾರ, ವಿನ್ಯಾಸ ಮಾಡಿಸಿದವರು ಅದರ ಮಾದರಿಯನ್ನು ಮುದ್ರೆಯೊತ್ತಿದ ಲಕೋಟೆಯಲ್ಲಿಟ್ಟು ಒಂದು ಮಂಡಳಿಯ ವಶಕ್ಕೆ ಕೊಡಬಹುದಿತ್ತು. ತಕರಾರು ಬಂದಾಗ ಲಕೋಟೆ ಒಡೆದು ನೋಡಿ ಇದು ಯಾರದೆಂದು ತೀರ್ಮಾನಿಸುತ್ತಿದ್ದರು. ಯಂತ್ರ ಎಲ್ಲರದು, ನಮೂನೆ ಒಬ್ಬರದು. ಇಂದಿನ ಕಂಪ್ಯೂಟರ್ ಲೋಕದ ಅರ್ಧ ಜಗಳಗಳು ಆ ಲಕೋಟೆಯೊಳಗೇ ಹುಟ್ಟಿದವು ಎನ್ನಬೇಕು.

ನಮ್ಮ ಕೇರಿಗಳಲ್ಲಿ ಲಕೋಟೆಯಿರಲಿಲ್ಲ. ಡಿಸೈನ್ ಬರೆಯುವವರು ಚೌಕಳಿ ಹಾಳೆಯ ಮೇಲೆ ಒಂದೊಂದೇ ಚೌಕ ತುಂಬಿ ಚಿತ್ರ ಬಿಡಿಸಿದರೆ, ಅದನ್ನು ಓದಿ ರಟ್ಟಿಗೆ ತೂತು ಹೊಡೆಯುವವರು ಬೇರೆ, ಮಾಲೆ ಕಟ್ಟಿ ಮಗ್ಗಕ್ಕೇರಿಸುವವರು ಬೇರೆ. ಇಷ್ಟು ಕೈ ದಾಟುವಾಗ ಗುಟ್ಟು ಉಳಿಯುವುದು ಕಷ್ಟ. ಬೀಗರ ಮನೆಯ ರಟ್ಟು ನಮ್ಮ ಮನೆಗೆ ಬರುವುದು, ನಮ್ಮದು ಪಕ್ಕದ ಬೀದಿಗೆ ಹೋಗುವುದು ಕಸುಬಿನ ಸಹಜ ನಡೆ. ಕೊಡದವರ ನಮೂನೆಯನ್ನು ಕದಿಯುವ ದಾರಿಯೂ ಇತ್ತು: ಅಂಗಡಿಯಿಂದ ಒಂದು ಸೀರೆ ಕೊಂಡು ತಂದು, ಭೂತಗನ್ನಡಿಯಡಿ ಎಳೆ ಎಣಿಸಿ, ಚೌಕಳಿ ಹಾಳೆಗೆ ಮತ್ತೆ ಇಳಿಸುವುದು. ಇದಕ್ಕೆ ನುರಿತ ಕಣ್ಣು ಬೇಕು, ದಿನಗಳು ಬೇಕು. ನಕಲು ಮಗ್ಗಕ್ಕೇರುವ ಹೊತ್ತಿಗೆ ಮೂಲದವರು ಒಂದು ಮದುವೆಯ ಕಾಲದ ವ್ಯಾಪಾರ ಮುಗಿಸಿರುತ್ತಿದ್ದರು. ಬಡ ನೇಕಾರನಿಗೆ ಇದ್ದ ನಿಜವಾದ ರಕ್ಷಣೆ ಕಾನೂನಲ್ಲ, ಈ ವಿಳಂಬ.

1983ರಲ್ಲಿ ಇಂಗ್ಲೆಂಡಿನ ಬೋನಾಸ್ ಕಂಪನಿ ವಿದ್ಯುನ್ಮಾನ ಜಕಾರ್ಡನ್ನು ಪ್ರದರ್ಶಿಸಿದ ಮೇಲೆ ವಿಳಂಬದ ಕಾಲ ಮುಗಿಯುತ್ತ ಬಂತು. ರಟ್ಟಿನ ಜಾಗಕ್ಕೆ ಕಂಪ್ಯೂಟರಿನ ಕಡತ. ನೂರಾರು ರಟ್ಟುಗಳ ಭಾರದ ಮಾಲೆ ಇಂದು ಅಂಗಿಯ ಜೇಬಿನ ಪೆನ್‌ಡ್ರೈವಿನಲ್ಲಿ ಕೂರುತ್ತದೆ. ಸೀರೆಯ ಫೋಟೊ ಸಂಜೆಗೆ ಮೊಬೈಲಿನಲ್ಲಿ ಹೊರಟರೆ ಬೆಳಗಾಗುವಷ್ಟರಲ್ಲಿ ಸಾವಿರ ಮೈಲಿಯಾಚೆ ಯಾರೋ ಅದನ್ನು ತಿದ್ದುತ್ತಿರುತ್ತಾರೆ.

ಈಗ ಎರಡನೆಯ ಊರಿಗೆ ಹೋಗೋಣ. 2003ರ ಜೂನ್‌ನಲ್ಲಿ ಅಮೆರಿಕದ ಲಿಂಡೆನ್ ಲ್ಯಾಬ್ ಎಂಬ ಕಂಪನಿ ಸೆಕೆಂಡ್ ಲೈಫ್ ಎಂಬ ಕಲ್ಪಿತ ಲೋಕವನ್ನು ಸಾರ್ವಜನಿಕರಿಗೆ ತೆರೆಯಿತು. ಒಳಹೊಕ್ಕವರಿಗೆ ಅಲ್ಲೊಂದು ಗೊಂಬೆ ದೇಹ. ಅದನ್ನು ನಡೆಸಬಹುದು, ಹಾರಿಸಬಹುದು, ಸಿಂಗರಿಸಬಹುದು. ಅಲ್ಲಿನ ಮನೆ, ಮರ, ಅಂಗಿಗಳನ್ನು ಮಾಡುವವರು ಕಂಪನಿಯ ನೌಕರರಲ್ಲ, ಅಲ್ಲಿಗೆ ಬರುವ ಜನರೇ. ಅದೇ ವರ್ಷ ನವೆಂಬರಿನಲ್ಲಿ ಕಂಪನಿ ಒಂದು ನಿರ್ಧಾರ ಪ್ರಕಟಿಸಿತು: ಇಲ್ಲಿ ನೀವು ಮಾಡಿದ್ದರ ಬೌದ್ಧಿಕ ಹಕ್ಕು ನಿಮ್ಮದೇ. ಅಲ್ಲಿಂದ ಬಟ್ಟೆ ಅಂಗಡಿಗಳು ಅಣಬೆಗಳಂತೆ ಎದ್ದವು.

ಅಲ್ಲಿನ ಅಂಗಿ ಎಂದರೆ ಮೊದಲ ವರ್ಷಗಳಲ್ಲಿ ಒಂದು ಚಿತ್ರ, ಅಷ್ಟೆ. ದೇಹದ ಮುಂಭಾಗ, ಹಿಂಭಾಗ, ತೋಳುಗಳನ್ನು ಬಿಡಿಸಿ ಚಪ್ಪಟೆಯಾಗಿ ಹರಡಿದ ಒಂದು ನಕ್ಷೆಯಿರುತ್ತದೆ. ಅದರ ಮೇಲೆ ಬಣ್ಣ ಬಳಿದರೆ ಅದು ದೇಹಕ್ಕೆ ಸುತ್ತಿಕೊಳ್ಳುತ್ತದೆ. ದರ್ಜಿಯ ಕಾಗದದ ಕತ್ತರಿಯಚ್ಚಿನ ಹಾಗೆ. ಪಕ್ಕದ ಹೊಲಿಗೆ ಎಲ್ಲಿ ಬರುತ್ತದೆ, ಹಿಂದಿನ ಗೆರೆ ಮುಂದಿನದಕ್ಕೆ ಎಲ್ಲಿ ಕೂಡುತ್ತದೆ ಎಂದು ಹುಡುಕುವುದೇ ಹೊಸಬರಿಗೆ ದೊಡ್ಡ ತಲೆನೋವು. ರಾಬಿನ್ ವುಡ್ ಎಂಬ ಅಮೆರಿಕದ ಚಿತ್ರಕಲಾವಿದೆ ಹೊಲಿಗೆಯ ಗೆರೆಗಳನ್ನು ಗುರುತಿಸಿದ ವಿವರವಾದ ನಕ್ಷೆಗಳನ್ನು ತಯಾರಿಸಿ ಎಲ್ಲರಿಗೂ ಉಚಿತವಾಗಿ ಕೊಟ್ಟರು. ಸೂಜಿ ಹಿಡಿಯಲೂ ಬಾರದ ಎಷ್ಟೋ ಜನ ಅದರಿಂದ ಆ ಲೋಕದ ದರ್ಜಿಗಳಾದರು.

ಇಲ್ಲಿ ಒಂದು ವ್ಯತ್ಯಾಸವನ್ನು ಗಮನಿಸಬೇಕು. ಸಿದ್ಧ ಅಂಗಿಯ ಚಿತ್ರವನ್ನು ಕೊಡುವುದು ಒಂದು. ಅದರ ಮೂಲ ಕಡತವನ್ನು ಕೊಡುವುದು ಇನ್ನೊಂದು. ಮೂಲ ಕಡತದಲ್ಲಿ ನೆರಿಗೆಯ ನೆರಳು ಒಂದು ಪದರ, ಹೊಲಿಗೆ ಒಂದು ಪದರ, ಗುಂಡಿ ಒಂದು ಪದರ, ಬಣ್ಣ ಮತ್ತೊಂದು. ಪಡೆದವರು ಬಣ್ಣ ಬದಲಿಸಬಹುದು, ತೋಳು ಕುಗ್ಗಿಸಬಹುದು. ಎಲ್ಲಕ್ಕಿಂತ ಮುಖ್ಯವಾಗಿ, ಹೇಗೆ ಮಾಡಿದ್ದೆಂದು ಕಲಿಯಬಹುದು. ಮೊದಲನೆಯದು ಸೀರೆ ಕೊಟ್ಟಂತೆ, ಎರಡನೆಯದು ಚೌಕಳಿ ಹಾಳೆಯನ್ನೇ ಕೊಟ್ಟಂತೆ.

ಆ ಲೋಕದವರು ಪ್ರತಿ ವಸ್ತುವಿನ ಮೇಲೂ ಮೂರು ಗುರುತುಗಳನ್ನು ಇಟ್ಟರು: ನಕಲು ಮಾಡಬಹುದೆ, ತಿದ್ದಬಹುದೆ, ಇನ್ನೊಬ್ಬರಿಗೆ ಕೊಡಬಹುದೆ. ಮಾಡಿದವರು ತಮಗೆ ಸರಿಕಂಡಂತೆ ಹೌದು ಅಥವಾ ಇಲ್ಲ ಎನ್ನುತ್ತಾರೆ. ಮೂರಕ್ಕೂ ಹೌದು ಎಂದರೆ ಅದು ಪೂರ್ಣ ದಾನ. ಇದೂ ಭದ್ರ ಬೀಗವಲ್ಲ. 2006ರ ನವೆಂಬರಿನಲ್ಲಿ ಕಾಪಿಬಾಟ್ ಎಂಬ ತಂತ್ರಾಂಶ ಹೊರಬಿದ್ದು, ಕಂಡದ್ದನ್ನೆಲ್ಲ ಅನುಮತಿಯಿಲ್ಲದೆ ನಕಲಿಸಬಹುದೆಂದು ತಿಳಿದಾಗ, ಅಂಗಡಿಯವರು ಪ್ರತಿಭಟಿಸಿ ಕದ ಮುಚ್ಚಿದರು. ನೂಲಿಲ್ಲದ ಬಟ್ಟೆಯ ಅಂಗಡಿಗಳ ಬಂದ್! ಕಂಪನಿ ಅಂಥ ನಕಲನ್ನು ನಿಯಮಭಂಗವೆಂದು ಸಾರಬೇಕಾಯಿತು.

ಹಂಚಿಕೊಳ್ಳುವುದು ಪಶ್ಚಿಮದವರು ಮೊನ್ನೆ ಕಂಡುಕೊಂಡ ಉದಾರತೆಯೆಂದು ಭಾವಿಸಬೇಕಿಲ್ಲ. ಧಾರವಾಡ ಸೀಮೆಯ ಕಸೂತಿ ಅದರ ಮೇಲೆಯೇ ನಿಂತಿದೆ. ಬಟ್ಟೆಯ ಮೇಲೆ ಚಿತ್ರ ಬರೆದುಕೊಳ್ಳದೆ ಎಳೆ ಎಣಿಸಿಯೇ ಹಾಕುವ ಹೊಲಿಗೆ ಅದು. ಗವಂತಿ, ಮುರಗಿ, ನೇಯ್ಗಿ, ಮೆಂತಿ ಎಂಬ ನಾಲ್ಕು ಬಗೆ. ತುಳಸಿ ಕಟ್ಟೆ, ಅಂಬಾರಿ, ತೇರು, ಗೋಪುರ ಎಲ್ಲವೂ ಎಣಿಕೆ. ಗವಂತಿಯಲ್ಲಿ ಮುಂದೂ ಹಿಂದೂ ಒಂದೇ ಚಿತ್ರ, ಮುಚ್ಚಿಡಲು ಏನೂ ಇಲ್ಲ. ನೆರೆಮನೆಯ ಅವ್ವನ ಸೀರೆ ನೋಡಿ ಎಣಿಸಿಕೊಂಡು ಹೋದವಳನ್ನು ಯಾರೂ ಕಳ್ಳಿ ಎನ್ನಲಿಲ್ಲ, ಜಾಣೆ ಎಂದರು. ಇಳಕಲ್ಲಿನ ಗೋಮಿ ಅಂಚು, ಚಿಕ್ಕಿ ಪರಾಸು, ತೋಪುತೆನಿ ಸೆರಗು ಕೂಡ ಯಾವೊಬ್ಬರ ಸೊತ್ತೂ ಅಲ್ಲ. ಹಾಗಿದ್ದುದರಿಂದಲೇ ಅವು ಇಂದಿಗೂ ಉಳಿದಿವೆ.

ಹಾಗಾದರೆ ವಿದ್ಯುತ್ ಮಗ್ಗದವರ ಸಂಕಟವೇನು? ಕಸೂತಿಯ ಎಣಿಕೆಯನ್ನು ಕೊಟ್ಟವಳೂ ಪಡೆದವಳೂ ಒಂದೇ ವೇಗದಲ್ಲಿ ಸೂಜಿ ಓಡಿಸುತ್ತಾರೆ. ಕಲ್ಪಿತ ಲೋಕದಲ್ಲಿ ನಕಲಿಗೆ ಯಾರಿಗೂ ಖರ್ಚಿಲ್ಲ. ಮಗ್ಗದ ಕೇರಿಯ ಕತೆ ಇವೆರಡರಂತೆಯೂ ಅಲ್ಲ. ಇಲ್ಲಿ ನಮೂನೆಯ ಜೊತೆಗೆ ನೂಲು, ಜರಿ, ಕರೆಂಟು, ಕೂಲಿ ಎಲ್ಲ ಬೇಕು. ನಮೂನೆ ಬಿಟ್ಟಿಯಾದ ಕೂಡಲೇ ಗೆಲ್ಲುವುದು ಇವನ್ನೆಲ್ಲ ಅಗ್ಗದಲ್ಲಿ ಹೊಂದಿಸಿಕೊಂಡು ವೇಗದ ಮಗ್ಗ ಓಡಿಸಬಲ್ಲವರು. ತಮ್ಮ ನಮೂನೆಗಳೇ ಸೂರತ್ತಿನ ವೇಗದ ಮಗ್ಗಗಳಲ್ಲಿ ನೇಯ್ಗೆಯಾಗಿ ಕಡಿಮೆ ಬೆಲೆಗೆ ತಮ್ಮೂರಿಗೇ ಬರುತ್ತಿವೆ ಎಂದು ದೊಡ್ಡಬಳ್ಳಾಪುರದ ನೇಕಾರರು ಇತ್ತೀಚಿನ ವರ್ಷಗಳಲ್ಲಿ ದೂರುತ್ತಿರುವುದು ಇದನ್ನೇ. ಸಮಾನರ ನಡುವೆ ಹಂಚಿಕೆಯಾಗಿದ್ದ ವಸ್ತು ಅಸಮಾನರ ನಡುವೆ ಸುಲಿಗೆಯಾಗಬಲ್ಲದು.

ಕಾನೂನು ಇದೆಯಲ್ಲ ಎನ್ನಬಹುದು. 2000ದ ವಿನ್ಯಾಸ ಕಾಯಿದೆಯಡಿ ನೋಂದಾಯಿಸಿದ ನಮೂನೆಗೆ 10 ವರ್ಷ, ನವೀಕರಿಸಿದರೆ ಇನ್ನೂ 5 ವರ್ಷ ರಕ್ಷಣೆ. ಆದರೆ ನಮೂನೆ ಹೊಸದಾಗಿರಬೇಕು, ಮೊದಲೇ ಹೊರಗೆ ಪ್ರಕಟವಾಗಿರಬಾರದು. ಸೀರೆಯನ್ನು ಅಂಗಡಿಗೆ ಕೊಟ್ಟು, ಓಡುತ್ತದೋ ಇಲ್ಲವೋ ನೋಡಿ, ಆಮೇಲೆ ನೋಂದಾಯಿಸೋಣ ಎನ್ನುವವರಿಗೆ ಅಲ್ಲಿ ಜಾಗವಿಲ್ಲ. ನೋಂದಾಯಿಸದೆ ಕೃತಿಸ್ವಾಮ್ಯವನ್ನು ನೆಚ್ಚಿಕೊಳ್ಳೋಣವೆಂದರೆ, 1957ರ ಕಾಯಿದೆಯ 15ನೆಯ ವಿಧಿ ಅಡ್ಡ ಬರುತ್ತದೆ: ನೋಂದಣಿಗೆ ಅರ್ಹವಾದ ವಿನ್ಯಾಸವನ್ನು ನೋಂದಾಯಿಸದೆ, ಯಂತ್ರದಿಂದ 50ಕ್ಕಿಂತ ಹೆಚ್ಚು ಬಾರಿ ತಯಾರಿಸಿದರೆ ಕೃತಿಸ್ವಾಮ್ಯ ಹೋಯಿತು. ನಾಲ್ಕು ಮಗ್ಗದ ಮನೆಗೆ 50 ಸೀರೆ ಕೆಲವೇ ವಾರಗಳ ಕೆಲಸ. ಇನ್ನು ಭೌಗೋಳಿಕ ಸೂಚಿ ಇಳಕಲ್, ಮೊಳಕಾಲ್ಮೂರು, ಕಸೂತಿಗಳಿಗೆ ದೊರೆತಿದೆ. ಅದು ಕಾಯುವುದು ಹೆಸರನ್ನು. ಬೇರೆ ಹೆಸರಿನಲ್ಲಿ ಅದೇ ಹೂವನ್ನು ನೇಯ್ದವರನ್ನು ಅದರಿಂದ ತಡೆಯುವುದು ಕಷ್ಟ. ಮೈಸೂರು ರೇಷ್ಮೆ ಸೀರೆಗಳ ಮೇಲೆ ಸರ್ಕಾರಿ ನಿಗಮ ಪ್ರತ್ಯೇಕ ಸಂಖ್ಯೆಯನ್ನೇ ಹಾಕುತ್ತದೆ. ದೊಡ್ಡ ಸಂಸ್ಥೆಗೆ ಅದು ಸಾಧ್ಯ.

ಕಲ್ಪಿತ ಲೋಕದ ಮೂರು ಗುರುತುಗಳಿಂದ ನಮ್ಮ ಕೇರಿಗಳಿಗೆ ಉಪಯೋಗವಿದೆಯೆ ಎಂದು ಯೋಚಿಸಬಹುದು. ಹಳೆಯ, ಎಲ್ಲರ ಸೊತ್ತಾದ ಅಂಚು ಬುಟ್ಟಾಗಳನ್ನು ಮುಕ್ತವಾಗಿ ಕೊಡುವುದು. ಹೊಸದಾಗಿ ಬರೆಸಿದ್ದನ್ನು ಒಂದು ಸಹಕಾರ ಸಂಘದ ಸದಸ್ಯರ ನಡುವೆ ಮಾತ್ರ, ಒಂದೆರಡು ಹಂಗಾಮಿನವರೆಗೆ ಹಂಚಿಕೊಳ್ಳುವುದು. ಸಂಘದ ಹೆಸರಿನಲ್ಲಿ ಮೊದಲೇ ನೋಂದಾಯಿಸುವುದು. ಕೇಂದ್ರ ಸರ್ಕಾರದ ನೇಕಾರರ ಸೇವಾ ಕೇಂದ್ರಗಳು 1950ರ ದಶಕದಿಂದ ಕೈಮಗ್ಗದವರಿಗೆ ವಿನ್ಯಾಸ ಒದಗಿಸುತ್ತಿರುವುದು ಸಾರ್ವಜನಿಕ ಹಂಚಿಕೆಯೇ. ವಿದ್ಯುತ್ ಮಗ್ಗದ ಸಣ್ಣವರಿಗೆ ಅಂಥದ್ದು ಬೇಕೆಂದು ಕೇಳುವುದು ಅತಿಯಾಸೆಯಲ್ಲ.

ಅಷ್ಟರಲ್ಲಿ ಆಗಬೇಕಾದ ಇನ್ನೊಂದು ಕೆಲಸವಿದೆ. ವಿದ್ಯುನ್ಮಾನ ಜಕಾರ್ಡ್ ಬಂದ ಮನೆಗಳಲ್ಲಿ ಹಳೆಯ ರಟ್ಟಿನ ಮಾಲೆಗಳಿಗೆ ಕೆಲಸವಿಲ್ಲ. ಚೌಕಳಿ ಹಾಳೆ ಕಳೆದುಹೋಗಿದ್ದರೂ ರಟ್ಟಿನಿಂದಲೇ ನಮೂನೆಯನ್ನು ಮತ್ತೆ ಪಡೆಯಬಹುದು. ತೂತು ಇರುವುದು ಇಲ್ಲದಿರುವುದನ್ನು ಕ್ರಮವಾಗಿ ಓದಿ ಕಂಪ್ಯೂಟರಿಗೆ ತುಂಬಿದರೆ ಸಾಕು. ಅದಕ್ಕೆ ರಟ್ಟುಗಳು ಒಣಗಿದ ಜಾಗದಲ್ಲಿರಬೇಕು, ಇಲಿ ಮುಟ್ಟಿರಬಾರದು, ಮಾಲೆಯ ದಾರ ಹರಿದು ಕ್ರಮ ತಪ್ಪಿರಬಾರದು. ಯಾವ ಸೀರೆಗೆ, ಯಾವ ವರ್ಷ, ಯಾರು ಬರೆದದ್ದೆಂದು ಹೇಳಬಲ್ಲ ಹಿರಿಯರು ಆ ಮನೆಗಳಲ್ಲಿ ಇನ್ನೂ ಇದ್ದಾರೆ.